ಬಿಟ್ ಡೆಪ್ತ್: ‘ಆಳ’ ಎನ್ನುವುದು ಸರಿಯೇ?

ಡಿಜಿಟಲ್ ಫೋಟೋ ಎಡಿಟಿಂಗ್ ಕುರಿತು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದು, ‘ಬಿಟ್ ಡೆಪ್ತ್’ (ಛಾಯೆಯ ಮಟ್ಟವನ್ನು ದಾಖಲಿಸಲು ಬಳಸುವ ಬಿಟ್‌ಗಳ ಸಂಖ್ಯೆ) ಎಂಬಲ್ಲಿಗೆ ಬಂದು ನಿಂತಿದ್ದೇನೆ. ‘ಬಿಟ್ ಆಳ’ ಎಂದು ಬರೆದುಬಿಡುವುದು ಸುಲಭ. ಆದರೆ ಈ ‘ಆಳ’ ಓದುಗರನ್ನು ದಾರಿ ತಪ್ಪಿಸುತ್ತದೆ ಎಂದು ನನ್ನ ಅನುಮಾನ. ಬಣ್ಣವನ್ನು ನಾವು ಗಾಢ, ತೆಳು ಎನ್ನುತ್ತೇವೆಯೇ ಹೊರತು ಸಾಮಾನ್ಯವಾಗಿ ಆಳ ಎನ್ನುವುದಿಲ್ಲ; ಹಾಗಾಗಿ ‘ಬಣ್ಣದ ಆಳ’ ಎಂದು ಓದಿದವರು 16 ಬಿಟ್ ಚಿತ್ರದಲ್ಲಿ ಬಣ್ಣಗಳೇ ಹೆಚ್ಚು ಗಾಢವಾಗಿರುತ್ತವೆ ಎಂದು ತಿಳಿಯಬಹುದು. ಅದು ನಿಜವಲ್ಲ. ಸಾಲದ್ದಕ್ಕೆ, ಫೋಕಸ್‌ಗೆ ಸಂಬಂಧಿಸಿದ ಮತ್ತೊಂದು ‘ಡೆಪ್ತ್’ಗೂ ಆಳ ಎಂದೇ ಬರೆಯಬೇಕಾಗುತ್ತದೆ.

ಕಪ್ಪಿನಿಂದ ಬಿಳುಪಿನವರೆಗಿನ ಏರನ್ನು ಎಷ್ಟು ಮೆಟ್ಟಿಲುಗಳಾಗಿ ಕಡಿದಿದೆ ಎಂಬುದನ್ನಷ್ಟೇ ಬಿಟ್ ಡೆಪ್ತ್ ಹೇಳುತ್ತದೆ. 8 ಬಿಟ್‌ಗೆ 256 ಮೆಟ್ಟಿಲು. ಕ್ಯಾಮೆರಾದ ರಾ (ಸಂಸ್ಕರಿಸದ) ಫೈಲಿನಲ್ಲಿ ಸಾಮಾನ್ಯವಾಗಿರುವ 12 ಬಿಟ್‌ಗೆ 4,096, 14 ಬಿಟ್‌ಗೆ 16,384. ಮೆಟ್ಟಿಲು ಹೆಚ್ಚಿದರೆ ಏರು ಎತ್ತರವಾಗುವುದಿಲ್ಲ, ಒಂದೊಂದು ಮೆಟ್ಟಿಲೂ ತಗ್ಗಾಗುತ್ತದೆ.

ಎಡಿಟಿಂಗಿನಲ್ಲಿ ಇದು ಹೇಗೆ ಗೊತ್ತಾಗುತ್ತದೆ ಎಂಬುದಕ್ಕೆ 8 ಬಿಟ್ ಚಿತ್ರದ 100 ಮತ್ತು 101 ಎಂಬ ಅಕ್ಕಪಕ್ಕದ ಮಟ್ಟಗಳನ್ನು ತೆಗೆದುಕೊಳ್ಳಿ. ಅರ್ಧಕ್ಕಿಳಿಸಿದರೆ 50 ಮತ್ತು 50.5, ಅರ್ಧ ಮೆಟ್ಟಿಲೆಂಬುದು ಇಲ್ಲದಿರುವುದರಿಂದ ಎರಡನೆಯದನ್ನು 51 ಎಂದು ದುಂಡಗೆ ಮಾಡಿ, ಮತ್ತೆ ಇಮ್ಮಡಿಸಿದಾಗ ಕೈಗೆ ಬರುವುದು 100 ಮತ್ತು 102. 101 ಹೋಯಿತು, ಉಳಿದ ಬೆಸ ಸಂಖ್ಯೆಗಳಿಗೂ ಅದೇ ಗತಿ. ಯಾವ ಮಟ್ಟದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂದು ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಬಾಚಣಿಗೆಯಂತೆ ಸೀಳಾಗುತ್ತದೆ, ನಯವಾಗಿ ತಿಳಿಯಾಗುತ್ತಾ ಹೋಗಬೇಕಾದ ನೀಲಿ ಆಕಾಶ ಪಟ್ಟೆಪಟ್ಟೆಯಾಗಿ ಕಾಣತೊಡಗುತ್ತದೆ. 16 ಬಿಟ್‌ನಲ್ಲಿಯೂ ಹೀಗೆ ದುಂಡಗೆ ಮಾಡುವುದು ತಪ್ಪದು, ಆದರೆ ಅಲ್ಲಿನ ನಷ್ಟ ಕಣ್ಣಿಗೆ ಬೀಳದಷ್ಟು ಚಿಕ್ಕದು. 8 ಬಿಟ್ ಜೆಪಿಇಜಿಯನ್ನು ಆಮೇಲೆ 16 ಬಿಟ್‌ಗೆ ಬದಲಿಸಿದರೆ ಕಳೆದುಹೋದ ಮಟ್ಟಗಳು ಮರಳುವುದಿಲ್ಲ. ಮುಂದಿನ ತಿದ್ದುಪಡಿಗಳಲ್ಲಿ ಆಗುವ ನಷ್ಟ ಮಾತ್ರ ಕಡಿಮೆಯಾಗುತ್ತದೆ.

ಇನ್ನೊಂದು ತೊಡಕಿಗೆ ಕನ್ನಡದಲ್ಲೇ ಪರಿಹಾರವಿದೆ. ಒಂದೇ ಚಿತ್ರವನ್ನು ಕೆಲವರು 8 ಬಿಟ್ ಎಂದರೆ ಕೆಲವರು ಕೆಂಪು, ಹಸಿರು, ನೀಲಿ ಎಂಬ ಮೂರೂ ಬಣ್ಣದ ಚಾನೆಲ್ ಕೂಡಿಸಿ 24 ಬಿಟ್ ಎನ್ನುತ್ತಾರೆ. ಒಟ್ಟು 256 ಬಣ್ಣಗಳಷ್ಟೇ ಇರುವ ಜಿಐಎಫ್ ಕೂಡ 8 ಬಿಟ್ಟಿನದೇ. ‘ಚಾನೆಲ್‌ಗೆ ತಲಾ 8 ಬಿಟ್’ ಎಂದರೆ ಗೊಂದಲವೇ ಉಳಿಯದು. ಚಾನೆಲ್ಲನ್ನು ‘ವಾಹಿನಿ’ ಮಾಡಲು ಮಾತ್ರ ನನಗೆ ಮನಸ್ಸಿಲ್ಲ, ಅದು ಟೀವಿಯ ಪಾಲಾಗಿದೆ.

‘ಆಳ’ದ ಬದಲು ‘ಸೂಕ್ಷ್ಮತೆ’ ಎನ್ನೋಣವೆಂದರೆ ಅದನ್ನು ಐಎಸ್ಒ ವಿವರಿಸುವಾಗ ಬೆಳಕಿಗೆ ಸ್ಪಂದಿಸುವ ಗುಣಕ್ಕೆ ಬಳಸುತ್ತೇವೆ. ಸದ್ಯಕ್ಕೆ ‘ಬಿಟ್ ಡೆಪ್ತ್’ ಎಂದೇ ಉಳಿಸಿಕೊಂಡು, ವಿವರಣೆಯಲ್ಲಿ ‘ಛಾಯೆಯ ನವಿರು’ ಎಂದು ಬರೆದಿದ್ದೇನೆ. ‘ನವಿರು’ ತಾಂತ್ರಿಕ ಬರಹಕ್ಕೆ ತೀರಾ ಕಾವ್ಯಮಯವಾಯಿತೇ? ಹಾಗೆಯೇ, ಆಕಾಶದಲ್ಲಿ ಮೂಡುವ ಆ ಪಟ್ಟೆಗಳಿಗೆ ಹೆಪ್ಪುಗಟ್ಟು, ಕೆನೆಗಟ್ಟು ಎಂಬುವುಗಳ ಜಾಡಿನಲ್ಲಿ ‘ಪಟ್ಟೆಗಟ್ಟು’ ಎಂಬ ಕ್ರಿಯಾಪದ ಕಟ್ಟಿಕೊಂಡರೆ ಒಪ್ಪುತ್ತದೆಯೇ, ಬಲ್ಲವರು ತಿಳಿಸಬೇಕು.