ಸಹಾಯ ಬೇಕು: ದುಬೈ ರೂಮಿನಲ್ಲಿ ಕುಸ್ವಾರ್ ಮಾಡಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿಯ ಶಿರ್ವ ಕಡೆ, ಕೆಲಸ ದುಬೈಯಲ್ಲಿ. ಇಲ್ಲಿ ಡಿಸೆಂಬರ್ 25ಕ್ಕೆ ಸರ್ಕಾರಿ ರಜೆ ಇಲ್ಲ. 24ರ ರಾತ್ರಿ ಪೂಜೆ ಮುಗಿಸಿ ಬೆಳಿಗ್ಗೆ ಡ್ಯೂಟಿಗೆ ಹೋಗಬೇಕು. ಈ ಸಲ ಊರಿಗೆ ಬರುವ ಹಾಗಿಲ್ಲ. ಹಾಗಾಗಿ ರೂಮಿನವರೇ ಸೇರಿ ಸ್ವಲ್ಪ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು, ಮಾಡುವ ಅಂತ ಹೊರಟಿದ್ದೇವೆ.

ಕಿಡಿಯೊ ಗೊತ್ತುಂಟು, ಮೈದಾ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತಿದರೆ ಆಯಿತು. ನೆವ್ರಿಗೆ (ನಮ್ಮ ಕರ್ಜಿಕಾಯಿ) ಬೇಕಾದ ಎಳ್ಳು, ಕೊಬ್ಬರಿ, ಏಲಕ್ಕಿ ಎಲ್ಲ ಸಿಗುತ್ತದೆ. ತಲೆಬಿಸಿ ಇರುವುದು ಕೊಕ್ಕಿಸಾಂದು (ಹೂವಿನ ಅಚ್ಚನ್ನು ಹಿಟ್ಟಿಗೆ ಅದ್ದಿ ಕರಿಯುವ ತಿಂಡಿ). ಹೊಸ ಕಬ್ಬಿಣದ ಅಚ್ಚು ತಂದಿದ್ದೇನೆ, ಹಿಟ್ಟು ಅಚ್ಚನ್ನು ಬಿಟ್ಟು ಎಣ್ಣೆಗೆ ಬೀಳುವುದೇ ಇಲ್ಲ. ಅಚ್ಚನ್ನು ಎಣ್ಣೆಯಲ್ಲಿ ಹಾಕಿ ಇಡೀ ರಾತ್ರಿ ಬಿಡಬೇಕಾ, ಅಥವಾ ಪ್ರತಿ ಸಲ ಅದ್ದುವ ಮೊದಲು ಚೆನ್ನಾಗಿ ಕಾಯಿಸಿದರೆ ಸಾಕಾ? ಅಕ್ಕಿ ನೆನೆಸಿ ರುಬ್ಬಲು ಗ್ರೈಂಡರ್ ಇಲ್ಲ, ಪ್ಯಾಕೆಟ್ ಅಕ್ಕಿಹಿಟ್ಟು ಮತ್ತು ಟಿನ್ ತೆಂಗಿನಹಾಲು ನಡೆಯುತ್ತದಾ? ಮೈದಾ ಎಷ್ಟು ಸೇರಿಸಬೇಕು?

ಗುಳಿಯೊ (ಅಕ್ಕಿಹಿಟ್ಟು, ತೆಂಗಿನಕಾಯಿಯ ಸಣ್ಣ ಉಂಡೆ) ಎಣ್ಣೆಯಲ್ಲಿ ಸಿಡಿಯುತ್ತದೆ ಅಂತ ಅಮ್ಮ ಫೋನಿನಲ್ಲಿ ಹೆದರಿಸಿದ್ದಾರೆ. ನಮ್ಮದು ಸಣ್ಣ ಕಿಚನ್, ಸುಟ್ಟುಕೊಂಡರೆ ಕಷ್ಟ. ಸಿಡಿಯದ ಹಾಗೆ ಹಿಟ್ಟು ಹುರಿಯುವ ಹದ ಯಾರಾದರೂ ಬಿಡಿಸಿ ಹೇಳಿ.

ಸನ್ನಾಣಕ್ಕೆ (ಹಿಟ್ಟು ಹುದುಗಿಸಿ ಹಬೆಯಲ್ಲಿ ಬೇಯಿಸುವ ಇಡ್ಲಿಯಂಥದ್ದು) ಕಳ್ಳು ಸಿಗುವ ಮಾತೇ ಇಲ್ಲ. ಅರ್ಧ ಕೆ.ಜಿ. ಅಕ್ಕಿಗೆ ಯೀಸ್ಟ್ ಎಷ್ಟು, ಉದ್ದು ಎಷ್ಟು? ದುಕ್ರಾಮಾಸ್ (ಹಂದಿಮಾಂಸದ ಪದಾರ್ಥ) ಚಿಂತೆ ಇಲ್ಲ, ಮಾಂಸ ಇಲ್ಲಿ ಕೆಲವು ಸೂಪರ್‌ಮಾರ್ಕೆಟ್‌ಗಳ ಬೇರೆ ವಿಭಾಗದಲ್ಲಿ ಸಿಗುತ್ತದೆ, ಅದಕ್ಕೆ ಹಾಕುವ ಬಾಫಾತ್ ಮಸಾಲೆ ಪುಡಿ ಊರಿಂದಲೇ ಬಂದಿದೆ.

ದಯವಿಟ್ಟು ‘ಅಂದಾಜಿಗೆ ಹಾಕಿ’ ಅನ್ನಬೇಡಿ, ಲೋಟದ ಲೆಕ್ಕದಲ್ಲೇ ಹೇಳಿ ಅಕ್ಕಂದಿರೇ. ಮುಂದಿನ ಶುಕ್ರವಾರ ಮಾಡಲು ಕೂರುತ್ತೇವೆ, ಅಷ್ಟರೊಳಗೆ ತಿಳಿಸಿದರೆ ಉಪಕಾರ.