ಉದ್ಯಾನದೊಳಗಿನ ವಾರ್ಷಿಕ ಓಟ: 5 ಕಿ.ಮೀ. ದಾರಿಯನ್ನು ಸರಿಯಾಗಿ ಅಳೆಯುವುದು ಹೇಗೆ?

ಪ್ರಶ್ನೆ (ನಡಿಗೆ ಬಳಗದ ಸದಸ್ಯ, ಉಣಕಲ್, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಬಳಗವು ಪ್ರತಿ ವರ್ಷ ಡಿಸೆಂಬರಿನಲ್ಲಿ ಬಡಾವಣೆಯ ಉದ್ಯಾನದೊಳಗಿನ ಡಾಂಬರು ದಾರಿಯಲ್ಲಿ ಐದು ಸುತ್ತಿನ ಓಟವನ್ನು ನಡೆಸುತ್ತ ಬಂದಿದೆ. ಅದನ್ನು 5 ಕಿ.ಮೀ. ಓಟವೆಂದೇ ಕರೆಯುತ್ತೇವೆ. ಆದರೆ ಕಳೆದ ಸಲ ಓಟ ಮುಗಿದ ಮೇಲೆ ಒಬ್ಬರ ಕೈಗಡಿಯಾರ 4.9 ಎಂದೂ ಇನ್ನೊಬ್ಬರದು 5.1 ಎಂದೂ ತೋರಿಸಿ, ದಾರಿಯ ಅಳತೆಯೇ ಸರಿಯಿಲ್ಲವೆಂಬ ಮಾತು ಬಂತು. ಆರೋಗ್ಯಕ್ಕಾಗಿ ಓಡುವವರಿಗೆ ನೂರು ಮೀಟರು ಹೆಚ್ಚುಕಡಿಮೆಯಾದರೆ ತೊಂದರೆಯೇನು ಎಂದು ಬಳಗದ ಹಿರಿಯರು ಕೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ಹೋದ ವರ್ಷಕ್ಕಿಂತ ಅರ್ಧ ನಿಮಿಷ ಬೇಗ ಮುಗಿಸಿದೆನೆಂದು ಸಂತೋಷಪಡುವ ಗೃಹಿಣಿಗೂ, ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಾಗುತ್ತಿರುವ ಹುಡುಗನಿಗೂ ನಾವು ಹೇಳಿದ ದೂರ ನಿಜವಾಗಿರಬೇಕು. ಕಡಿಮೆ ಖರ್ಚಿನಲ್ಲಿ ಇದನ್ನು ಅಳೆಯುವ ವಿಧಾನವನ್ನು ಬಲ್ಲವರು ತಿಳಿಸಬೇಕೆಂದು ವಿನಂತಿ. ಜೊತೆಗೆ, ಓಟವನ್ನು ಮುಖ್ಯರಸ್ತೆಗೆ ಒಯ್ಯಬೇಕೆಂಬ ಸಲಹೆಯೂ ಇದೆ; ಅದರ ಬಗ್ಗೆಯೂ ಅಭಿಪ್ರಾಯ ಬೇಕು.

ಉತ್ತರ 1 (ನಿವೃತ್ತ ದೈಹಿಕ ಶಿಕ್ಷಕ, ಧಾರವಾಡ)

ಗಡಿಯಾರವನ್ನು ನಂಬಿ ದಾರಿ ಗುರುತಿಸಬೇಡಿ. ಅದು ಉಪಗ್ರಹದ ಸಂಕೇತದಿಂದ ಬಿಡಿಬಿಡಿ ಬಿಂದುಗಳನ್ನು ಪಡೆದು ನೇರಗೆರೆಯಿಂದ ಜೋಡಿಸುತ್ತದೆ; ದಟ್ಟ ಮರಗಳ ಕೆಳಗೆ ಬಿಂದುಗಳೇ ಆಚೀಚೆ ಸರಿಯುತ್ತವೆ, ತಿರುವುಗಳಲ್ಲಿ ಮೂಲೆ ಕತ್ತರಿಸಿಹೋಗುತ್ತದೆ. ಅಂತರರಾಷ್ಟ್ರೀಯ ರಸ್ತೆ ಓಟಗಳ ದಾರಿಯನ್ನು ಇಂದಿಗೂ ಸೈಕಲ್ಲಿನಿಂದಲೇ ಅಳೆಯುತ್ತಾರೆ. ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯ ಮೇಲೆ ಸೈಕಲ್ಲನ್ನು ಹಲವು ಬಾರಿ ಓಡಿಸಿ, ಮುಂದಿನ ಚಕ್ರಕ್ಕೆ ಕೂಡಿಸಿದ ಜೋನ್ಸ್ ಕೌಂಟರ್ ಎಂಬ ಎಣಿಕೆ ಯಂತ್ರವನ್ನು ತಾಳೆ ನೋಡಿಕೊಂಡು, ಆಮೇಲೆ ಓಟದ ದಾರಿಯನ್ನು ಅಳೆದು, ಬಿಸಿಲೇರಿದಂತೆ ಟಯರು ಹಿಗ್ಗುವುದರಿಂದ ಕೊನೆಗೆ ಮತ್ತೊಮ್ಮೆ ತಾಳೆ ನೋಡುತ್ತಾರೆ.

ನಿಮಗೆ ಅದರ ಅಗತ್ಯವಿಲ್ಲ. ಒಂದು ಸುತ್ತು ಸುಮಾರು 1 ಕಿ.ಮೀ. ಇರುವುದರಿಂದ 50 ಮೀಟರಿನ ಉಕ್ಕಿನ ಟೇಪನ್ನು ಇಪ್ಪತ್ತು ಸಲ ಹಾಸಿದರೆ ಸಾಕು. ಜಗ್ಗಿದರೆ ಹಿಗ್ಗುವ ಬಟ್ಟೆಯ ಟೇಪು ಬೇಡ. ಉಕ್ಕೂ ಬಿಸಿಲಿಗೆ ಹಿಗ್ಗುತ್ತದೆಯಾದರೂ 20 ಡಿಗ್ರಿಗೆ ಸರಿಯಾಗಿರುವ ಟೇಪು 35 ಡಿಗ್ರಿಯಲ್ಲಿ ಕಿಲೋಮೀಟರಿಗೆ ತರುವ ವ್ಯತ್ಯಾಸ ಒಂದು ಗೇಣಿಗಿಂತ ಕಡಿಮೆ.

ಬಹಳ ಮುಖ್ಯವಾದದ್ದು ಟೇಪನ್ನು ಎಲ್ಲಿ ಹಾಸುತ್ತೀರಿ ಎಂಬುದು. ನಿಯಮದ ಪ್ರಕಾರ, ಓಟಗಾರನೊಬ್ಬನು ಓಡಬಹುದಾದ ಅತಿ ಚಿಕ್ಕ ದಾರಿಯನ್ನೇ, ಅಂದರೆ ಒಳಅಂಚಿನ ಕಲ್ಲಿನಿಂದ 30 ಸೆಂ.ಮೀ. ಬಿಟ್ಟು ಅಳೆಯಬೇಕು. 3 ಮೀಟರು ಅಗಲದ ದಾರಿಯ ನಡುವೆ ಅಳೆದಿರೆಂದು ಇಟ್ಟುಕೊಳ್ಳಿ. ಆಗ ನಿಮ್ಮ ಗೆರೆ 1.2 ಮೀಟರು ಹೊರಗಿರುತ್ತದೆ. ಪೂರ್ತಿ ಒಂದು ಸುತ್ತಿಗೆ 7.5 ಮೀಟರು, ಐದು ಸುತ್ತಿಗೆ 37 ಮೀಟರಿಗಿಂತಲೂ ಹೆಚ್ಚು ದೂರ ಕಡಿಮೆಯಾಗುತ್ತದೆ. ಕಿಲೋಮೀಟರಿಗೆ 6 ನಿಮಿಷ ತೆಗೆದುಕೊಳ್ಳುವವರಿಗೆ ಇದು 13 ಸೆಕೆಂಡುಗಳ ಪುಕ್ಕಟೆ ಲಾಭ. ಅಳತೆಯಲ್ಲಿ ಸಣ್ಣ ತಪ್ಪಾದರೂ ದೂರ ಕಡಿಮೆ ಬೀಳಬಾರದೆಂದು ಕಿಲೋಮೀಟರಿಗೆ 1 ಮೀಟರು ಕೂಡಿಸುವುದೂ ಪದ್ಧತಿ; ನೀವು 5,005 ಮೀಟರು ಗುರುತು ಮಾಡಿ.

ಉತ್ತರ 2 (ಓಟಗಾರ್ತಿ, ಗದಗ)

ಸರ್ ಅವರು ಅಳತೆಯ ವಿಷಯವನ್ನು ಪೂರ್ಣವಾಗಿ ಹೇಳಿದ್ದಾರೆ. ಮುಖ್ಯರಸ್ತೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ನ್ಯೂಯಾರ್ಕಿನ ಮ್ಯಾರಥಾನ್ 1970ರಲ್ಲಿ ಸೆಂಟ್ರಲ್ ಪಾರ್ಕಿನ ಒಳಗೇ ಸುತ್ತು ಹಾಕುವ ಓಟವಾಗಿ ಆರಂಭವಾಯಿತು. ಅಂದು ಓಡಲು ನಿಂತ 127 ಜನರಲ್ಲಿ ಮುಗಿಸಿದವರು 55 ಮಂದಿ. 1976ರಲ್ಲಿ ಅದು ನಗರದ ಬೀದಿಗಳಿಗೆ ಹೊರಬಂದದ್ದು ನಿಜ. ಆದರೆ 1972ರಲ್ಲಿ ಮಹಿಳೆಯರಿಗಾಗಿಯೇ ಅಲ್ಲಿ ಆರಂಭವಾದ, ಮೊದಲು 6 ಮೈಲಿಯಿದ್ದು ನಂತರ 10 ಕಿ.ಮೀ. ಆದ ಓಟ ಇಂದಿಗೂ ಅದೇ ಉದ್ಯಾನದಲ್ಲಿ ನಡೆಯುತ್ತದೆ. ಬಾಸ್ಟನ್ ಮ್ಯಾರಥಾನ್ ಮಹಿಳೆಯರನ್ನು ಅಧಿಕೃತವಾಗಿ ಓಡಲು ಬಿಟ್ಟದ್ದೂ ಅದೇ ವರ್ಷ ಎಂಬುದನ್ನು ನೆನೆದರೆ, ಆ ಉದ್ಯಾನದ ಓಟದ ಬೆಲೆ ತಿಳಿಯುತ್ತದೆ.

ನಮ್ಮಲ್ಲಿಯೂ ಸೀರೆಯ ಮೇಲೆ ಬೂಟು ಹಾಕಿಕೊಂಡು ನಡೆಯುವ ತಾಯಂದಿರು ಮೊದಲ ಸಲ ಓಡಲು ಧೈರ್ಯ ಮಾಡುವುದು ಉದ್ಯಾನದಲ್ಲಿಯೇ, ಲಾರಿಗಳ ನಡುವೆ ಅಲ್ಲ. ದಾರಿ ಕಿರಿದಾಗಿದ್ದರೆ ಮಹಿಳೆಯರನ್ನೂ ಪುರುಷರನ್ನೂ ಬೇರೆಬೇರೆ ಹೊತ್ತಿಗೆ ಬಿಡಿ. ಸುತ್ತಿನ ಲೆಕ್ಕ ತಪ್ಪದಂತೆ, ಗೆರೆ ದಾಟಿದಾಗಲೆಲ್ಲ ಕೈಗೊಂದು ರಬ್ಬರ್ ಬ್ಯಾಂಡ್ ಕೊಡಿ. ನಾಲ್ಕು ಬ್ಯಾಂಡ್ ಇದ್ದವರಿಗೆ ಉಳಿದಿರುವುದು ಒಂದೇ ಸುತ್ತು.

ಉತ್ತರ 3 (ಸಿವಿಲ್ ಎಂಜಿನಿಯರ್, ಹಾವೇರಿ)

ಅಳೆದ ಗುರುತನ್ನು ಬಣ್ಣದಿಂದ ಬರೆದು ಬಿಟ್ಟರೆ ಒಂದು ಮಳೆಗಾಲಕ್ಕೆ ಅಳಿಸಿಹೋಗುತ್ತದೆ. ಉದ್ಯಾನದವರ ಅನುಮತಿ ಪಡೆದು ಡಾಂಬರಿಗೆ ಸಮನಾಗಿ ಒಂದು ಮೊಳೆ ಹೊಡೆಯಿರಿ, ಮತ್ತು ಅದು ಹತ್ತಿರದ ಎರಡು ದೀಪದ ಕಂಬಗಳಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ನಕ್ಷೆಯೊಂದಿಗೆ ಬರೆದಿಡಿ. ದಾರಿಗೆ ಹೊಸ ಡಾಂಬರು ಬಿದ್ದರೂ ಆ ಕಂಬಗಳಿಂದ ಗುರುತನ್ನು ಮತ್ತೆ ಹುಡುಕಬಹುದು. ಹಳೆಯ ವರ್ಷಗಳ ಸಮಯವನ್ನು ಹೊಸ ದಾರಿಯ ಸಮಯದೊಂದಿಗೆ ಬೆರೆಸದೆ ಪಟ್ಟಿಯನ್ನು ಬೇರೆಯಾಗಿಯೇ ಇಡುವುದು ಉತ್ತಮ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಓಟ ಉದ್ಯಾನದಲ್ಲಿಯೇ ಉಳಿಯಬೇಕೆಂದು ಸಭೆಯಲ್ಲಿ ವಾದಿಸುತ್ತೇನೆ. ಉಕ್ಕಿನ ಟೇಪು ಬಾಡಿಗೆಗೆ ಸಿಗಬಹುದೇ?

ಉತ್ತರ 1ರ ಶಿಕ್ಷಕರು

ಬಾಡಿಗೆ ಬೇಡ, ನನ್ನ ಬಳಿ ಇದೆ. ಭಾನುವಾರ ನಡಿಗೆಯವರ ಗದ್ದಲ ಕಡಿಮೆಯಾದ ಮೇಲೆ ಬರುತ್ತೇನೆ. ಟೇಪಿನ ತುದಿ ಹಿಡಿಯಲು ಒಬ್ಬರು, ಸುಣ್ಣದ ಕಡ್ಡಿಯಿಂದ ಗುರುತು ಹಾಕಲು ಒಬ್ಬರು, ಲೆಕ್ಕ ಬರೆಯಲು ಒಬ್ಬರು ಇರಲಿ. ಎರಡು ಸಲ ಅಳೆಯೋಣ; ಎರಡರಲ್ಲಿ ಹೆಚ್ಚು ದೂರದ ಗುರುತನ್ನೇ ಇಟ್ಟುಕೊಳ್ಳೋಣ.