ಐದನೇ ತರಗತಿಗೆ ಏನು ಕೊಳ್ಳಬೇಕು, ಏನು ಬೇಡ? (ಉಡುಪಿ, ಮಂಗಳೂರು)

ಪ್ರಶ್ನೆ – ಉಡುಪಿಗೆ ಹೊಸಬರು

ಎಲ್ಲರಿಗೂ ನಮಸ್ಕಾರ. ವರ್ಗಾವಣೆಯಾಗಿ ಧಾರವಾಡದಿಂದ ಉಡುಪಿಗೆ ಬಂದು ಎರಡು ತಿಂಗಳಾಯಿತು. ಮಗಳು ಈ ಜೂನ್‌ನಲ್ಲಿ ಐದನೇ ತರಗತಿಗೆ ಹೋಗುತ್ತಾಳೆ. ಮನೆಯಿಂದ ಹತ್ತು ನಿಮಿಷ ನಡೆದು, ಆಮೇಲೆ ಸಿಟಿ ಬಸ್ಸು ಹಿಡಿಯಬೇಕು. ಶಾಲೆಯ ಪಟ್ಟಿಯಲ್ಲಿ ಹನ್ನೆರಡು ನೋಟ್‌ಪುಸ್ತಕ, ಕಂಪಾಸ್ ಪೆಟ್ಟಿಗೆ, ಬಣ್ಣದ ಪೆನ್ಸಿಲು ಎಂದಿದೆಯೇ ಹೊರತು ಎಷ್ಟು ಪುಟದ್ದು, ಯಾವ ಬಗೆಯದ್ದು ಎಂಬ ವಿವರವಿಲ್ಲ. ಹಳೆಯ ಬ್ಯಾಗು ಗಟ್ಟಿಯಾಗಿಯೇ ಇದೆ, ಆದರೆ ನೆರೆಮನೆಯವರು ಅದನ್ನು ನೋಡಿ, "ಇದು ಇಲ್ಲಿಯ ಮಳೆಗೆ ಆಗುವುದಿಲ್ಲ" ಎಂದರು. ರೈನ್‌ಕೋಟು ಕೊಳ್ಳಬೇಕೋ, ಕೊಡೆಯೋ? ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬಹುದು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1 – ಪ್ರಾಥಮಿಕ ಶಾಲಾ ಶಿಕ್ಷಕಿ, ಉಡುಪಿ

ಸರ್, ಅಂಗಡಿಗೆ ಹೋಗುವ ಮೊದಲು ಮಗಳನ್ನೊಮ್ಮೆ ತೂಕ ಮಾಡಿ. ಬ್ಯಾಗಿನ ಭಾರ ಮಗುವಿನ ತೂಕದ ಶೇ. 10ನ್ನು ಮೀರಬಾರದು, 3ರಿಂದ 5ನೇ ತರಗತಿಯವರಿಗೆ ಅದು 2ರಿಂದ 3 ಕೆ.ಜಿ.ಯೊಳಗೆ ಇರಬೇಕು ಎಂದು ರಾಜ್ಯ ಶಿಕ್ಷಣ ಇಲಾಖೆ 2019ರಲ್ಲಿಯೇ ಆದೇಶ ಹೊರಡಿಸಿದೆ. ಈಗ ಲೆಕ್ಕ ಹಾಕಿ ನೋಡಿ: 200 ಪುಟದ ದೊಡ್ಡ ಅಳತೆಯ ನೋಟ್‌ಪುಸ್ತಕವೊಂದು ಸುಮಾರು ಕಾಲು ಕೆ.ಜಿ. ತೂಗುತ್ತದೆ, ಅಂಥವು ಆರು ಹೊತ್ತರೆ ಒಂದೂವರೆ ಕೆ.ಜಿ. ಆಯಿತು, ಅದರ ಮೇಲೆ ಒಂದು ಲೀಟರ್ ನೀರೆಂದರೆ ಇನ್ನೊಂದು ಕೆ.ಜಿ. ಪಠ್ಯಪುಸ್ತಕ, ಬುತ್ತಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಆದ್ದರಿಂದ ಶಾಲೆಯವರು ಒಪ್ಪುವುದಾದರೆ 100 ಪುಟದವನ್ನೇ ತೆಗೆದುಕೊಳ್ಳಿ, ತುಂಬಿದ ಮೇಲೆ ಇನ್ನೊಂದು ಕೊಳ್ಳಬಹುದು. ಹನ್ನೆರಡನ್ನೂ ಒಮ್ಮೆಗೇ ತಂದು ಕಪಾಟಿನಲ್ಲಿಟ್ಟರೆ ಆಷಾಢದ ತೇವಕ್ಕೆ ಹಾಳೆ ಮೆತ್ತಗಾಗಿ ಬೂಷ್ಟು ಹಿಡಿಯುವುದೂ ಉಂಟು.

ಎರಡನೆಯದು ಪೆನ್ನು. ಮಕ್ಕಳಿಗೆ ಜೆಲ್ ಪೆನ್ನಿನ ಮೇಲೆ ಬಹಳ ಆಸೆ, ಆದರೆ ಅದರ ಶಾಯಿ ನೀರಿನಲ್ಲಿ ಕಲಸಿದ್ದು, ಬಾಲ್ ಪೆನ್ನಿನದು ಎಣ್ಣೆಯಂಥ ದಪ್ಪ ಶಾಯಿ. ಒಂದು ಜುಲೈನಲ್ಲಿ ನನ್ನ ತರಗತಿಯ ಹುಡುಗನೊಬ್ಬ ತೊಯ್ದ ವಿಜ್ಞಾನದ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟಾಗ, ಜೆಲ್ ಪೆನ್ನಿನಲ್ಲಿ ಬರೆದ ಹೆಸರುಗಳೆಲ್ಲ ನೀಲಿ ಕೊಳವಾಗಿ ಹರಡಿ, ಪೆನ್ಸಿಲಿನಲ್ಲಿ ಬಿಡಿಸಿದ ದಾಸವಾಳದ ಗೆರೆಗಳು ಮಾತ್ರ ಹಾಗೆಯೇ ಉಳಿದಿದ್ದವು. ಐದನೇ ತರಗತಿಗೆ ಒಂದೆರಡು ಸಾಧಾರಣ ಬಾಲ್ ಪೆನ್ನು, ಒಳ್ಳೆಯ ಪೆನ್ಸಿಲು, ಹಾಳೆ ಹರಿಯದಂತೆ ಉಜ್ಜುವ ರಬ್ಬರು ಸಾಕು. ಕಂಪಾಸ್ ಪೆಟ್ಟಿಗೆ ತಗಡಿನದ್ದಾದರೆ ತುಕ್ಕು ಹಿಡಿಯುತ್ತದೆ, ಕೈವಾರದ ತಿರುಪಿಗೆ ಒಂದು ಹನಿ ತೆಂಗಿನೆಣ್ಣೆ ಬಿಡಿ. ಗೊಂಬೆ ಚಿತ್ರದ, ಗುಂಡಿ ಒತ್ತಿದರೆ ತೆರೆಯುವ ಪೆಟ್ಟಿಗೆ ಖಂಡಿತ ಬೇಡ, ಅದು ಪಾಠದ ಹೊತ್ತಿಗೆ ಆಟಿಕೆಯಾಗುತ್ತದೆ.

ಉತ್ತರ 2 – ಇಬ್ಬರು ಮಕ್ಕಳ ತಾಯಿ, ಮಂಗಳೂರು

ಮೇಡಂ ಹೇಳಿದ್ದೆಲ್ಲ ಸರಿ. ಅವರು ಕೊಡೆಯ ವಿಷಯ ಬಿಟ್ಟಿದ್ದಾರೆ, ಅದನ್ನು ನಾನು ಹೇಳುತ್ತೇನೆ. ನಡೆಯುವ ಮಗುವಿಗೆ ಬ್ಯಾಗಿನ ಮೇಲಿಂದ ಹಾಕಿಕೊಳ್ಳುವಷ್ಟು ಅಗಲವಾದ ರೈನ್‌ಕೋಟೇ ಒಳ್ಳೆಯದು, ಏಕೆಂದರೆ ಗಾಳಿಮಳೆಗೆ ಮೂರು ಮಡಿಕೆಯ ಪುಟ್ಟ ಕೊಡೆ ಮಗುಚಿಕೊಳ್ಳುತ್ತದೆ. ಆದರೆ ಬಸ್ಸಿನ ನೂಕುನುಗ್ಗಲಿನಲ್ಲಿ ನೀರು ಸುರಿಯುವ ಕೋಟು ಎಲ್ಲರಿಗೂ ತೊಂದರೆ. ಬಸ್ಸು ಹತ್ತುವ ಮೊದಲೇ ಕಳಚಿ ತುಂಬಿಡಲು ಒಂದು ದಪ್ಪ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನ ಹೊರಜೇಬಿನಲ್ಲಿ ಇಟ್ಟಿರಿ.

ಹಳೆಯ ಬ್ಯಾಗನ್ನು ಎಸೆಯಬೇಡಿ. ಅದಕ್ಕೊಂದು ಮಳೆಹೊದಿಕೆ ತನ್ನಿ, ಒಳಗೆ ಪುಸ್ತಕಗಳನ್ನು ಪ್ಲಾಸ್ಟಿಕ್ ಫೋಲ್ಡರಿನಲ್ಲಿಡಿ, ಜಿಪ್ಪಿಗೆ ಮೇಣದಬತ್ತಿಯ ತುಂಡನ್ನು ಉಜ್ಜಿ. ಕಳೆದ ವರ್ಷ "ವಾಟರ್‌ಪ್ರೂಫ್" ಎಂಬ ಮಾತು ನಂಬಿ ದುಬಾರಿ ಬ್ಯಾಗು ಕೊಂಡೆ. ಬಟ್ಟೆಯಲ್ಲಿ ನೀರು ಇಳಿಯಲಿಲ್ಲ ನಿಜ, ಹೊಲಿಗೆಯಲ್ಲಿ ಇಳಿಯಿತು. ಶೂ ಒದ್ದೆಯಾದರೆ ಎರಡು ದಿನವಾದರೂ ಒಣಗುವುದಿಲ್ಲ, ಆದ್ದರಿಂದ ಮಳೆಗಾಲದಲ್ಲಿ ಚಪ್ಪಲಿ ಹಾಕಬಹುದೇ ಎಂದು ಶಾಲೆಯಲ್ಲಿ ಕೇಳಿಕೊಂಡ ಮೇಲೆ ಶೂ ಕೊಳ್ಳಿ.

ಉತ್ತರ 3 – ಪುಸ್ತಕದಂಗಡಿಯಲ್ಲಿ ಕೆಲಸ ಮಾಡುವವನು

ಮೇ ಕೊನೆಯ ವಾರ ನಮ್ಮಲ್ಲಿ ನಿಲ್ಲಲು ಜಾಗವಿರುವುದಿಲ್ಲ, ಸಾಧ್ಯವಾದರೆ ಅದಕ್ಕಿಂತ ಮೊದಲೇ ಬನ್ನಿ. ನೋಟ್‌ಪುಸ್ತಕದ ಹೊದಿಕೆಯ ಚಿತ್ರ ನೋಡಬೇಡಿ, ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದಿನ ಬರಹ ಕಾಣುವಷ್ಟು ತೆಳುವಾಗಿದೆಯೇ ನೋಡಿ. ಗೆರೆಯ ಪುಸ್ತಕ, ಚೌಕದ ಪುಸ್ತಕ, ಇಂಗ್ಲಿಷಿಗೆ ನಾಲ್ಕು ಗೆರೆಯದ್ದು, ಹೀಗೆ ಯಾವ ವಿಷಯಕ್ಕೆ ಯಾವುದೆಂದು ಶಾಲೆಯಲ್ಲಿ ಬರೆಸಿಕೊಂಡು ಬಂದರೆ ವಾಪಸು ಮಾಡುವ ತಾಪತ್ರಯ ಇರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮಗಳ ತೂಕ 27 ಕೆ.ಜಿ. ಇದೆ, ಅಂದರೆ 2.7 ಕೆ.ಜಿ. ಮಿತಿ. ಕಳೆದ ವರ್ಷದ ಬ್ಯಾಗನ್ನು ಹಿಂದಿದ್ದ ಹಾಗೆಯೇ ತುಂಬಿಸಿ ತೂಗಿದಾಗ 4.3 ಕೆ.ಜಿ. ತೋರಿಸಿತು. ತರಗತಿ ಶಿಕ್ಷಕರಿಗೆ ಫೋನು ಮಾಡಿದೆ, 100 ಪುಟದ ಪುಸ್ತಕವಾದರೂ ಆಗುತ್ತದೆ, ಕುಡಿಯುವ ನೀರು ಶಾಲೆಯಲ್ಲೇ ಇದೆ ಎಂದರು. ಅರ್ಧ ಲೀಟರಿನ ಬಾಟಲಿ ಸಾಕೆಂದು ನಿರ್ಧರಿಸಿದ್ದೇವೆ. ಜೆಲ್ ಪೆನ್ನಿನ ವಿಷಯದಲ್ಲಿ ಮಾತ್ರ ಮನೆಯಲ್ಲಿ ಮಾತುಕತೆ ಇನ್ನೂ ಮುಗಿದಿಲ್ಲ.